ಕೊಕ್ಕರೆ ಕಾಲದಲ್ಲಿ ತವರಿಗೆ

ಈ ಬೇಸಿಗೆಯಲ್ಲಿ ನಿಮ್ಮಕ್ಕನೂ ಭಾವನೂ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಜಿಂಕೆ, ಕಂಬಳಿ ಮಗ್ಗ, ಕೊಕ್ಕರೆ ನೋಡಲು ಹೋದ ದಿನ ಅಜ್ಜಿಗೆ ಬಿಸಿಲು ಬಡಿಯಿತು ಎಂದು ನೀವೆಲ್ಲ ಕೇಳಿದ್ದೀರಿ. ಬಿಸಿಲು ಬಡಿಯಲಿಲ್ಲ ಮಕ್ಕಳೇ. ಮಧುಗಿರಿಯ ಬಂಡೆಯ ಬುಡದಲ್ಲಿ ಐವತ್ತು ಬೇಸಿಗೆ ಕಳೆದವಳಿಗೆ ಸಿರಾದ ಬಿಸಿಲು ಏನು ಮಾಡೀತು? ಆದದ್ದು ಬೇರೆ. ಅದನ್ನು ಬಾಯಿಬಿಟ್ಟು ಹೇಳುವುದು ನನ್ನಿಂದ ಆಗದು. ಮಹಿಳಾ ಸಂಘದ ಸಭೆಯಲ್ಲಿ ನನ್ನ ಸರದಿ ಬಂದಾಗ ಪಕ್ಕದವಳೇ ನನ್ನ ಪರವಾಗಿ ಮಾತಾಡುತ್ತಾಳೆ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೇನೆ, ಕಾಗದದ ಎದುರು ಕೂತರೆ ಅಷ್ಟು ನಾಚಿಕೆಯಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಕ್ಕ ಪಾವಗಡದ ಶಾಲೆಯಲ್ಲಿ ಪಾಠ ಹೇಳುತ್ತಾಳೆ, ಭಾವನ ಊರು ರಾಯಚರ್ಲು, ಸೋಲಾರ್ ಪ್ಲಾಂಟಿನಲ್ಲಿ ಅವನಿಗೆ ಕೆಲಸ ಎನ್ನುವುದು ನಿಮಗೆ ಗೊತ್ತಿರುವುದೇ. ರಜೆ ಸಿಕ್ಕಿದರೆ ಇಬ್ಬರೂ ಸುತ್ತಲಿನ ಬೆಟ್ಟ, ಕೋಟೆ, ಕೆರೆ ಅಲೆಯುತ್ತಾರೆ. ಅವಳು ತೆಗೆದ ಫೋಟೋಗಳನ್ನು ಫೋನಿನಲ್ಲಿ ಯಾರು ಯಾರೋ ನೋಡಿ, ನಮಗೂ ತೋರಿಸಿ ಎಂದು ಕೇಳತೊಡಗಿದ್ದರಂತೆ. ಹಾಗೆ ಬರುವ ಅತಿಥಿಗಳಿಗೆ ಎರಡು ದಿನದ ತಿರುಗಾಟ ಒಂದನ್ನು ಹೊಂದಿಸುವ ಯೋಚನೆ ಅವರದು. ಬೆಳಿಗ್ಗೆ ಮೈದನಹಳ್ಳಿಯ ಬಯಲಿನಲ್ಲಿ ಜಿಂಕೆ, ಮಧ್ಯಾಹ್ನ ಕಂಬಳಿ ನೇಯುವವರ ಮನೆ, ಸಂಜೆ ಸಿರಾ ಕಡೆಯ ನನ್ನ ತವರಿನಲ್ಲಿ ಕೊಕ್ಕರೆ, ಮಾರನೆಯ ದಿನ ಕೊರಟಗೆರೆ ಕಡೆಯ ಬೆಟ್ಟ.

"ಅಜ್ಜಿ, ಜನ ಕಾಡು ನೋಡಕ್ಕೆ ಅಂತ ವಿಮಾನ ಹತ್ಕೊಂಡು ಎಲ್ಲೆಲ್ಲಿಗೋ ಹೋಗ್ತಾರೆ. ನಮ್ ಹಿತ್ಲಲ್ಲೇ ಇಷ್ಟೊಂದು ಐತೆ, ಯಾರಿಗೂ ಗೊತ್ತಿಲ್ಲ" ಎಂದಳು ನಿಮ್ಮಕ್ಕ. "ಜನ ಬರೋಕೆ ಮುಂಚೆ ನಾವು ಒಂದ್ಸಲ ಹೋಗಿ ಬರಾಣ. ನೀನು ಬರ್ಬೇಕು. ಕಂಬಳಿ ನಿನ್ನ ಗಂಡನ ಮನೆ ಕಸುಬು, ಕೊಕ್ಕರೆ ನಿನ್ನ ತವರಿಂದು. ನಿನ್ನ ಬಿಟ್ಟು ಯಾರು ಹೇಳ್ತಾರೆ?"

ನಾನು ಮಂಡಿನೋವು ಎಂದೆ.

"ಅವ್ವಾ, ಗೈಡಮ್ಮನಿಗೆ ಮುಂದಿನ ಸೀಟು" ಎಂದು ಭಾವ ಕಾರಿನ ಬಾಗಿಲು ತೆರೆದು ನಿಂತುಬಿಟ್ಟ. ಅವರ ತೆಲುಗಿನಲ್ಲಿ ಅಜ್ಜಿಗೆ ಅವ್ವ ಎನ್ನುತ್ತಾರೆ. ಅವನ ಎದುರು ಹಟ ಮಾಡುವುದು ನನಗೆ ಆಗಲಿಲ್ಲ.

ಆಗ ನಿಮ್ಮಕ್ಕನಿಗೆ ಆರು ತಿಂಗಳು. ಚೊಚ್ಚಲ ಬಸುರಿ. ಮೊದಲ ಹೆರಿಗೆ ತವರಿನದು, ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಯುಗಾದಿಗೆ ಅವಳು ಬಂದಾಗ, ಯಾರೂ ಕೇಳುವ ಮೊದಲೇ ನಾನು, "ಪಾವಗಡದಲ್ಲೇ ಆಸ್ಪತ್ರೆ ಐತಲ್ಲ, ಅಲ್ಲೇ ಆಗ್ಲಿ. ಈ ಮನೆಯಾಗೆ ಏನ್ ಅನುಕೂಲ ಐತೆ?" ಎಂದುಬಿಟ್ಟಿದ್ದೆ. ನಿಮ್ಮ ದೊಡ್ಡಮ್ಮ, ಅಂದರೆ ನಿಮ್ಮಕ್ಕನ ತಾಯಿ, ನನ್ನ ಹಿರಿ ಸೊಸೆ, ಒಬ್ಬಟ್ಟು ತಟ್ಟುತ್ತಿದ್ದವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಆಕೆ ನನ್ನ ಮಾತು ಮೀರುವವಳಲ್ಲ. ನಿಮ್ಮಕ್ಕ ಊಟ ಮಾಡಿ, ಕೈ ತೊಳೆದು, ಸಂಜೆ ಉಳಿಯುತ್ತೇನೆ ಅಂದಿದ್ದವಳು ಮಧ್ಯಾಹ್ನದ ಬಸ್ಸಿಗೇ ಹೊರಟಳು.

ಅವಳನ್ನು ಯಾಕೆ ಬೇಡ ಅಂದೆ ಎನ್ನುವುದೇ ಈ ಬರಹ.

ಮೈದನಹಳ್ಳಿಯ ಬಯಲಿಗೆ ನಾವು ಮುಟ್ಟಿದಾಗ ಇನ್ನೂ ಇಬ್ಬನಿಯ ತಂಪಿತ್ತು. ಹುಲ್ಲು ಒಣಗಿ ರಾಗಿ ಹೊಟ್ಟಿನ ಬಣ್ಣಕ್ಕೆ ತಿರುಗಿತ್ತು. ಬೋರ್ಡಿನಲ್ಲಿ ಕೃಷ್ಣಮೃಗ ಎಂದು ಬರೆದಿದ್ದಾರೆ, ನಮ್ಮ ಕಡೆ ಎಲ್ಲವೂ ಜಿಂಕೆಯೇ. ಗಂಡಿನ ಬೆನ್ನು ಕಾಡಿಗೆಯಂತೆ ಕಪ್ಪು, ಹೊಟ್ಟೆ ಬಿಳುಪು, ಕೊಂಬು ಹಗ್ಗ ಹೊಸೆದ ಹಾಗೆ. ಕಾರಿನ ಸದ್ದಿಗೆ ಹಿಂಡು ಎದ್ದು ಓಡಿತು. ಓಡುವಾಗ ನಡುವೆ ನಡುವೆ ಏನೂ ಇಲ್ಲದ ಕಡೆ ಏನನ್ನೋ ದಾಟುವಂತೆ ನೆಗೆಯುತ್ತಿದ್ದವು. ಒಂದು ಹೆಣ್ಣು ಮಾತ್ರ ಓಡಲಿಲ್ಲ. ಜಾಲಿ ಗಿಡದ ಪಕ್ಕ ನಿಂತು ಎತ್ತಲೋ ನೋಡುತ್ತಿತ್ತು.

"ಅದು ಮರಿ ಹಾಕೈತೆ" ಎಂದಳು ನಿಮ್ಮಕ್ಕ, ದನಿ ತಗ್ಗಿಸಿ. "ಮರೀನ ಹುಲ್ಲಲ್ಲಿ ಬಚ್ಚಿಟ್ಟು ತಾನು ದೂರ ನಿಂತ್ಕಳುತ್ತೆ. ಮರಿ ಇರೋ ಕಡೆ ತಿರುಗೂ ನೋಡಲ್ಲ. ನೋಡಿದ್ರೆ ಬೇರೆಯವ್ರಿಗೆ ಗೊತ್ತಾಗ್ಬಿಡುತ್ತೆ ಅಂತ."

ನಾನು ಆ ಹೆಣ್ಣನ್ನೇ ನೋಡಿದೆ. ಅದರ ಕಿವಿ ಮಾತ್ರ ಹಿಂದಕ್ಕೆ ತಿರುಗಿತ್ತು. ಮೈಯೆಲ್ಲ ಒಂದು ಕಡೆ, ಕಿವಿ ಇನ್ನೊಂದು ಕಡೆ.

ಭಾವ ಕ್ಯಾಮರಾ ಹಿಡಿದು ಸ್ವಲ್ಪ ಮುಂದೆ ಹೋದ. ಆಗ ನಿಮ್ಮಕ್ಕ ಹಿಂದಿನ ಸೀಟಿನಿಂದ ನನ್ನ ಹೆಗಲ ಮೇಲೆ ಕೈಯಿಟ್ಟು ಕೇಳಿದಳು. "ಅಜ್ಜಿ, ನಾನು ಬರೋದು ನಿಂಗೆ ಇಷ್ಟ ಇಲ್ವಾ? ನಾನೇನಾದ್ರೂ ತಪ್ಪು ಮಾಡಿದ್ನಾ?"

"ಅಯ್ಯೋ, ಅಂಗಂತಾರಾ? ಅಲ್ಲಿ ದೊಡ್ಡ ಡಾಕ್ಟ್ರು ಅವ್ರೆ ಅಂತ ಅಂದೆ."

"ಮಧುಗಿರೀಲಿ ಡಾಕ್ಟ್ರು ಇಲ್ವಾ?"

ನಾನು ಬಯಲಿನ ಕಡೆ ಮುಖ ತಿರುಗಿಸಿದೆ. ಅವಳು ಕೈ ತೆಗೆದಳು.

ಮಧ್ಯಾಹ್ನದ ಹೊತ್ತಿಗೆ ಸಿರಾ ದಾರಿಯ ಒಂದು ಹಳ್ಳಿಯಲ್ಲಿ ಕಂಬಳಿ ನೇಯುವವನ ಮನೆ ಮುಂದೆ ಇಳಿದೆವು. ನಿಮ್ಮ ತಾತನ ಜೊತೆ ಸಂತೆಗೆ ಕಂಬಳಿ ಹೊತ್ತವನು, ಈಗ ಹಲ್ಲೆಲ್ಲ ಉದುರಿದೆ. ನನ್ನನ್ನು ಗುರುತು ಹಿಡಿದು ನಕ್ಕ.

"ಏನಮ್ಮೋ, ಮಗ್ಗದ ಮನೆ ಸೊಸೆ ನೀನು, ಟೂರಿಸ್ಟ್ ಆಗಿ ಬಂದ್ಬುಟ್ಟೆಯಲ್ಲ! ಟಿಕೀಟು ತಗಂಡಿದ್ದೀಯಾ?"

ನಿಮ್ಮ ತಾತ ತೀರಿಕೊಂಡು ನಾಲ್ಕು ವರ್ಷವಾಯಿತು. ನಮ್ಮ ಮನೆಯ ಮಗ್ಗ ನಿಂತದ್ದು ಅದಕ್ಕಿಂತ ಬಹಳ ಹಿಂದೆ, ನೀವು ಯಾರೂ ಅದನ್ನು ಕಂಡಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕುರಿಯ ಕಪ್ಪು ಉಣ್ಣೆಯನ್ನು ರಾಟೆಯಲ್ಲಿ ನೂತು, ಆ ನೂಲನ್ನು ಬೀದಿಯುದ್ದಕ್ಕೂ ಎರಡು ಗೂಟಗಳ ನಡುವೆ ಎಳೆದು ಕಟ್ಟುತ್ತಾರೆ. ಅದಕ್ಕೆ ಹುಣಸೆ ಬೀಜದ ಗಂಜಿ ಬಳಿದು ಒಣಗಿಸಿದ ಮೇಲೆಯೇ ಮಗ್ಗಕ್ಕೆ ಏರಿಸುವುದು. ಬೀಜವನ್ನು ಹುರಿದು, ಸಿಪ್ಪೆ ಬಡಿದು ತೆಗೆದು, ನೆನೆಹಾಕಿ ಅರೆದು, ಅಂಟು ಬರುವವರೆಗೆ ಕುದಿಸಬೇಕು. ಗಂಜಿ ಸರಿಯಾಗಿ ಕುಡಿದ ಕಂಬಳಿಯನ್ನು ಹೊದ್ದುಕೊಂಡರೆ ಜಡಿಮಳೆಯಲ್ಲೂ ಒಳಗಿನ ಮೈ ಒಣಗಿರುತ್ತದೆ. ಗಂಜಿ ಸಾಲದಿದ್ದರೆ ನೂಲು ಮಗ್ಗದಲ್ಲೇ ಎಳೆಬಿಟ್ಟು ಕಿತ್ತುಬರುತ್ತದೆ. ಹುಣಸೆ ಬೀಜವಿಲ್ಲದೆ ಕಂಬಳಿಯಿಲ್ಲ.

ಅವತ್ತು ಅವನ ಮನೆಯಲ್ಲಿ ಬೀಜ ಹುರಿಯುತ್ತಿದ್ದರು. ಆ ವಾಸನೆ, ಸ್ವಲ್ಪ ಸೀದ ಬೇಳೆಯ ಹಾಗೆ, ಸ್ವಲ್ಪ ಸುಟ್ಟ ಕೊಂಬಿನ ಹಾಗೆ, ನನ್ನ ಗಂಟಲಿಗೆ ಇಳಿಯಿತು. ಒಲೆಯ ಪಕ್ಕ ಅಗಲ ಪಾತ್ರೆಯಲ್ಲಿ ಗಂಜಿ ಆರಲು ಇಟ್ಟಿದ್ದರು. ನಿಮ್ಮಕ್ಕ ಬಗ್ಗಿ, "ಇದೇನಾ ಅದು?" ಎನ್ನುತ್ತ ಬೆರಳು ಅದ್ದಲು ಹೋದಳು.

ನಾನು ಅವಳ ಕೈಯನ್ನು ಬಡಿದೆ. "ಮುಟ್ಬೇಡ!"

ನನ್ನ ಬಾಯಿಂದ ಅಷ್ಟು ದೊಡ್ಡ ದನಿ ಬಂದದ್ದು ನನಗೇ ಗೊತ್ತಾಗಲಿಲ್ಲ. ಮುದುಕ ಗಂಜಿ ಬಳಿಯುವ ಕುಂಚ ಕೈಯಲ್ಲಿ ಹಿಡಿದೇ ನಿಂತ. ನಿಮ್ಮಕ್ಕ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು. ನಾನು ಗೋಡೆಯ ಹಿಂದೆ ಹೋಗಿ ವಾಂತಿ ಮಾಡಿದೆ. ಬಿಸಿಲು, ಬಿಸಿಲು ಎಂದರು ಎಲ್ಲರೂ. ಹೂಂ ಅಂದೆ.

ಈಗ ಹಿಂದಿನ ಮಾತು ಹೇಳಬೇಕು.

ನನ್ನ ತವರಿನಲ್ಲಿ ಊರ ನಡುವೆ, ಮನೆಗಳ ಅಂಗಳದಲ್ಲೇ ಹುಣಸೆ ಮರಗಳಿವೆ. ಶಿವರಾತ್ರಿಯ ಆಚೀಚೆ ಬಣ್ಣದ ಕೊಕ್ಕರೆಗಳು ಎಲ್ಲಿಂದಲೋ ಬಂದು ಆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ ಬಣ್ಣ, ಉದ್ದ ಕಾಲು. ಊರಲ್ಲಿ ಅವನ್ನು ಹಕ್ಕಿ ಎಂದು ಯಾರೂ ಎಣಿಸುವುದಿಲ್ಲ, ಬಾಣಂತನಕ್ಕೆ ಬಂದವರು ಎನ್ನುತ್ತಾರೆ. ಯಾವ ಮನೆಯ ಮರದಲ್ಲಿ ಗೂಡು ಕಟ್ಟುತ್ತವೋ ಆ ಮನೆಯ ಹೆಣ್ಣುಮಕ್ಕಳು ಅವು. ಮರಕ್ಕೆ ಮೊದಲ ಕಡ್ಡಿ ಬಿದ್ದ ದಿನದಿಂದ ಮರಿಗಳು ಹಾರಿಹೋಗುವವರೆಗೆ ಆ ಮರಕ್ಕೆ ಯಾರೂ ಹತ್ತುವಂತಿಲ್ಲ, ಹಣ್ಣು ಎಳೆಯುವ ದೋಟಿ ಎತ್ತುವಂತಿಲ್ಲ. ತಾನಾಗಿ ಉದುರಿದ ಹಣ್ಣನ್ನು ಆಯ್ದುಕೊಳ್ಳಬಹುದು, ಅಷ್ಟೇ. ಅದಕ್ಕೇ ಅವು ಬರುವ ಮೊದಲು ಆತುರಾತುರವಾಗಿ ಹುಣಸೆ ಬಡಿದು ಮುಗಿಸುತ್ತಿದ್ದರು.

ನಾನು ಮದುವೆಯಾಗಿ ಮಧುಗಿರಿಗೆ ಬಂದ ವರ್ಷ ಹಣ್ಣು ತಡವಾಗಿ ಮಾಗಿತು, ಕೊಕ್ಕರೆ ಬೇಗ ಬಂದವು. ನಮ್ಮ ಮನೆಯಲ್ಲಿ ನೂಲು ಸಿದ್ಧವಾಗಿ ಬಿದ್ದಿತ್ತು, ಬೀಜ ಸಿಗಲಿಲ್ಲ. ಮುಂಗಾರಿಗೆ ಮುಂಚೆ ಕಂಬಳಿ ಆಗಬೇಕು. ನನ್ನ ಅತ್ತೆ ಎಲ್ಲರೆದುರು, "ನಿನ್ ತವರಾಗೆ ಊರ್ ತುಂಬಾ ಹುಣಸೆ ಮರ ಅಂತ ಕೊಚ್ಕಂತಿದ್ದೆಯಲ್ಲ, ಒಂದು ಮೂಟೆ ಬೀಜ ತರಕ್ಕಾಗಲ್ವಾ?" ಎಂದರು. ನನಗೆ ಮೂರು ತಿಂಗಳು ಆಗಿತ್ತು ಆಗ. ಮರದ ಮೇಲೆ ಕೊಕ್ಕರೆ ಕೂತಿವೆ, ದೋಟಿ ಎತ್ತುವುದಿಲ್ಲ ನಾವು ಎಂದು ಹೇಳಬೇಕಿತ್ತು. ನಗುತ್ತಾರೆ ಎಂದು ಹೇಳಲಿಲ್ಲ. ತರುತ್ತೇನೆ ಅಂದೆ.

ತವರಿಗೆ ಹೋದೆ. ಅವ್ವ ಮನೆಯಲ್ಲಿದ್ದದ್ದನ್ನೆಲ್ಲ ಬಳಿದು ಕೊಟ್ಟಳು, ಅದು ಒಂದು ಮೊರವೂ ಆಗಲಿಲ್ಲ. ಊರವರನ್ನು ಕೇಳಲು ನನಗೆ ನಾಲಗೆ ಏಳಲಿಲ್ಲ. ಮೂರನೆಯ ದಿನ ಮಟಮಟ ಮಧ್ಯಾಹ್ನ, ಅವ್ವ, ಅಣ್ಣ, ಅತ್ತಿಗೆ ಎಲ್ಲರೂ ಒಂದು ಮದುವೆಗೆ ಹೋಗಿದ್ದರು. ನಾನು ಅಟ್ಟದ ಮೇಲಿನ ದೋಟಿ ಇಳಿಸಿದೆ.

ಗೂಡಿಲ್ಲದ ಕೊಂಬೆಯನ್ನೇ ಹುಡುಕಿ ಕೊಕ್ಕೆ ಹಾಕಿದೆ. ಇದನ್ನು ನೀವು ನಂಬಬೇಕು. ಆದರೆ ಹುಣಸೆಯ ಒಂದು ಕೊಂಬೆ ಎಳೆದರೆ ಅದರ ಮೇಲಿನದೂ ಅಲ್ಲಾಡುತ್ತದೆ. ಹಣ್ಣು ಮಳೆಯ ಹಾಗೆ ಉದುರಿತು. ಒಣಹಣ್ಣು ನೆಲಕ್ಕೆ ಬಿದ್ದರೆ ಟಪಟಪ ಸದ್ದು. ಅದರ ನಡುವೆ ಮೂರು ಸಲ ಬೇರೆ ಸದ್ದು ಕೇಳಿಸಿತು, ಹಿಟ್ಟಿನ ಉಂಡೆ ಕೈಜಾರಿ ಬಿದ್ದ ಹಾಗೆ.

ಬಿಳಿ ತುಪ್ಪಳದ ಮರಿಗಳು. ಒಂದು ಇನ್ನೂ ಬಾಯಿ ತೆರೆಯುತ್ತಿತ್ತು. ನಾನು ಅವುಗಳ ಮೇಲೆ ಮಂಕರಿ ಕವುಚಿ ಹಣ್ಣು ಆಯ್ದೆ. ಮೊದಲು ಹಣ್ಣು ಆಯ್ದೆ, ಅದನ್ನೂ ಬರೆಯುತ್ತಿದ್ದೇನೆ. ಆಮೇಲೆ ಮಂಕರಿ ಎತ್ತಿ ಮೂರನ್ನೂ ತಿಪ್ಪೆಯಲ್ಲಿ ಹೂತೆ.

ತಾಯಿ ಕೊಕ್ಕರೆ ಕೆರೆಯಿಂದ ಬಂತು. ಬಿಸಿಲಿನ ಹೊತ್ತಿನಲ್ಲಿ ಅವು ಗೂಡಿನ ಅಂಚಿಗೆ ನಿಂತು, ಸೂರ್ಯನ ಕಡೆಗೆ ಬೆನ್ನು ಮಾಡಿ, ರೆಕ್ಕೆ ಹರಡಿ ಮರಿಗಳಿಗೆ ನೆರಳು ಕೊಡುತ್ತವೆ. ಅದೂ ಹಾಗೆಯೇ ನಿಂತಿತು. ಬರಿಯ ಗೂಡಿನ ಮೇಲೆ ರೆಕ್ಕೆ ಹರಡಿ ನಿಂತಿತು. ದೊಡ್ಡ ಕೊಕ್ಕರೆಗಳಿಗೆ ಗಂಟಲಿಲ್ಲ, ಕೂಗಲಾರವು, ಕೊಕ್ಕು ಕಟಕಟ ಎನ್ನಿಸುತ್ತವೆ, ಅಷ್ಟೇ. ಅದು ಕೊಕ್ಕನ್ನೂ ಬಡಿಯಲಿಲ್ಲ. ಮಾರನೆಯ ದಿನವೂ ಬಿಸಿಲೇರಿದಾಗ ಹಾಗೇ ನಿಂತಿತು, ಅದರ ಮಾರನೆಯ ದಿನವೂ. ಗಾಳಿಗೆ ಉದುರಿದ ಹಣ್ಣು ಎಂದು ಮನೆಯವರಿಗೆ ಹೇಳಿ, ನಾನು ಅದರ ಕೆಳಗೆ ಕೂತು ಹುಣಸೆ ಕುಟ್ಟಿ ಬೀಜ ಬಿಡಿಸುತ್ತಿದ್ದೆ. ಅದರ ನೆರಳು ನನ್ನ ಕೈಯ ಮೇಲೆ ಬೀಳುತ್ತಿತ್ತು.

ಆ ಬೀಜದ ಗಂಜಿಯಲ್ಲಿ ಎದ್ದ ಕಂಬಳಿಗಳನ್ನು ನಿಮ್ಮ ತಾತ ಬಹಳ ಹೊಗಳಿದರು. ನೀರು ಹುಯ್ದರೆ ಕೆಸವಿನ ಎಲೆಯ ಮೇಲಿನಂತೆ ಜಾರುತ್ತದೆ ಎಂದರು. ಒಂದು ಚಿಕ್ಕ ಕಂಬಳಿಯನ್ನು ಹುಟ್ಟುವ ಕೂಸಿಗೆಂದು ತೆಗೆದಿಟ್ಟರು.

ಕೂಸು ದೀಪಾವಳಿಗೆ ಸ್ವಲ್ಪ ಮುಂಚೆ ನನ್ನ ತವರಿನಲ್ಲಿ ಹುಟ್ಟಿತು. ಹೆಣ್ಣು. ನಿಮ್ಮಪ್ಪಂದಿರಿಗೆ ಅಕ್ಕ ಆಗಬೇಕಿದ್ದವಳು. ಹೆಸರಿಡುವ ಮೊದಲೇ ಜ್ವರ ಬಂತು, ಹಾಲು ಬಿಟ್ಟಿತು, ಆ ಚಿಕ್ಕ ಕಂಬಳಿಯ ಮೇಲೆಯೇ ಹೋಯಿತು. ಕೊಕ್ಕರೆಗಳು ಹೋಗಿ ಎಷ್ಟೋ ದಿನ ಆಗಿತ್ತು. ನಾನು ಮಲಗಿದ್ದ ಕೋಣೆಯ ಕಿಟಕಿಯಿಂದ ಮರದ ಬರಿಯ ಗೂಡು ಕಾಣುತ್ತಿತ್ತು. ಎಲ್ಲರೂ ದೇವರನ್ನು ಬೈದರು, ಸೂಲಗಿತ್ತಿಯನ್ನು ಬೈದರು. ನನಗೆ ಮಾತ್ರ ಯಾರನ್ನೂ ಬೈಯುವ ಹಾಗಿರಲಿಲ್ಲ.

ಯಾರಿಗೂ ಹೇಳಲಿಲ್ಲ. ಅವ್ವನಿಗೆ ಇಲ್ಲ, ನಿಮ್ಮ ತಾತನಿಗೂ ಇಲ್ಲ. ಎರಡನೆಯ ಸಲ ಬಸುರಿಯಾದಾಗ ಅವ್ವ ಮಡಿಲಕ್ಕಿ ಕಟ್ಟಿಕೊಂಡು ಕರೆಯಲು ಬಂದಳು. ನಾನು ಒಲ್ಲೆ ಅಂದೆ. ಅವಳು ಜಗಲಿಯ ಮೇಲೆ ಕೂತೇ ಇದ್ದಳು, ಆಮೇಲೆ ಅಕ್ಕಿಯನ್ನು ನನ್ನ ಅತ್ತೆಯ ಕೈಗೆ ಕೊಟ್ಟು ಬಸ್ಸಿಗೆ ನಡೆದಳು. ಅಲ್ಲಿಂದಾಚೆಗೆ ಕೊಕ್ಕರೆ ಹೋದ ಮೇಲೆ, ದಸರೆಗೋ ಸಂಕ್ರಾಂತಿಗೋ ಮಾತ್ರ ತವರಿಗೆ ಹೋಗುತ್ತಿದ್ದೆ. ಕೊಕ್ಕರೆ ಕಾಲದಲ್ಲಿ ಯಾರ ಮದುವೆಗೆ ಕರೆದರೂ ನನಗೆ ಜ್ವರ ಬರುತ್ತಿತ್ತು. ಅವ್ವ ಸತ್ತದ್ದೂ ಅದೇ ಕಾಲದಲ್ಲಿ. ಅವತ್ತೊಂದು ದಿನ ತಲೆ ತಗ್ಗಿಸಿಕೊಂಡು ಹೋಗಿ, ಮಣ್ಣು ಹಾಕಿ, ತಲೆ ತಗ್ಗಿಸಿಕೊಂಡೇ ಬಂದೆ.

ಆದರೂ ಆ ತಾಯಿ ಕೊಕ್ಕರೆ ಕಣ್ಣ ಮುಂದೆ ಬಂದೇ ಬರುತ್ತಿತ್ತು. ಮಧ್ಯಾಹ್ನದಲ್ಲಿ ಅಂಗಳದಲ್ಲಿ ಸೀರೆ ಒಣಹಾಕಿದರೆ ಅದರ ನೆರಳು ರೆಕ್ಕೆಯಾಗಿ ಕಾಣುತ್ತಿತ್ತು. ನಿಮ್ಮಕ್ಕನ ಮದುವೆಯಾದ ಹೊಸದರಲ್ಲಿ ಬೀಗರ ಊರಿಗೆ ಹೋಗಿದ್ದೆನಲ್ಲ, ರಾಯಚರ್ಲಿನ ಹೊಲಗಳ ತುಂಬ ಸೋಲಾರ್ ಹಲಗೆಗಳು. ಕಣ್ಣು ಹಾಯುವಷ್ಟು ದೂರ ಒಂದೇ ಕಡೆಗೆ ಬಾಗಿ, ಹರಡಿಕೊಂಡು, ಸದ್ದಿಲ್ಲದೆ ನಿಂತಿದ್ದವು. ಅವುಗಳ ಕೆಳಗೆ ಏನೂ ಇರಲಿಲ್ಲ. ಎರಡು ದಿನ ಉಳಿಯಿರಿ ಎಂದು ಬೀಗರು ಎಷ್ಟು ಹೇಳಿದರೂ ನಾನು ಅವತ್ತೇ ಹೊರಟದ್ದು ಅದಕ್ಕೇ.

ಕಂಬಳಿಯವನ ಮನೆಯಿಂದ ತವರಿಗೆ ಮುಟ್ಟಿದಾಗ ಹೊತ್ತು ಸ್ವಲ್ಪ ವಾಲಿತ್ತು. ಊರು ಕಾಣುವ ಮೊದಲೇ ಮೀನಿನ ನಾತ, ಮರಿಗಳ ಗಲಾಟೆ. ಮರದ ಎಲೆಗಳೆಲ್ಲ ಸುಣ್ಣ ಎರಚಿದ ಹಾಗೆ ಬೆಳ್ಳಗಾಗಿದ್ದವು. ಅತ್ತಿಗೆ ಜಗಲಿಯ ಮೇಲೆ ಕೋಲು ಹಿಡಿದು ಕೂತಿದ್ದರು. ಅಣ್ಣ ಹೋದ ಮೇಲೆ ಆ ಮನೆಗೆ ಅವರೇ ಹಿರಿಯರು. ಕಣ್ಣು ಮಂದ, ಕಿವಿ ಚುರುಕು.

"ಯಾರದು? ನಮ್ ನಾದಿನಿಯಾ?" ಎಂದು ಹಣೆಗೆ ಕೈ ಅಡ್ಡ ಹಿಡಿದರು. "ಏನಮ್ಮ, ದಾರಿ ಗೀರಿ ತಪ್ಪಿ ಬಂದ್ಯಾ? ಕೊಕ್ಕರೆ ಇರೋ ಕಾಲ್ದಾಗೆ ನೀನು ಈ ಊರಿಗೆ ಬರೋದು ಅಂದ್ರೇನು!"

"ಮೊಮ್ಮಗಳು ಕರ್ಕಂಡ್ ಬಂದ್ಲು ಅತ್ಗೆ."

"ಬಸುರಿ ಹುಡುಗೀನಾ? ಬಾರವ್ವ, ಬಾ. ಈ ಸಲ ನಮ್ ಮರದ ತುಂಬಾ ಬಾಣಂತೀರೇ. ಇನ್ನೊಬ್ಬಳು ಜಾಸ್ತಿ ಆದ್ರೆ ಏನು?"

ನಿಮ್ಮಕ್ಕ ನಕ್ಕು, ಕತ್ತು ಮೇಲೆತ್ತಿ, ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ನೇರ ಮರದ ಕೆಳಗೆ ಹೋಗಿ ನಿಂತಳು. ಅದೇ ಮರ. ಒಂದು ಕೊಕ್ಕರೆ ಗೂಡಿನ ಅಂಚಿನಲ್ಲಿ ರೆಕ್ಕೆ ಬಿಚ್ಚಿ ನಿಂತಿತ್ತು. ನಿಮ್ಮಕ್ಕನ ಸೀರೆಯ ಮೇಲೆ, ಹೊಟ್ಟೆಯ ಮೇಲೆ, ಅದರ ನೆರಳು ಬಿದ್ದಿತ್ತು.

"ಅಲ್ಲಿಂದ ಈಚೆ ಬಾ" ಎಂದೆ. ಅವಳಿಗೆ ಕೇಳಿಸಲಿಲ್ಲ. ಓಡಿಹೋಗಿ ತೋಳು ಹಿಡಿದು ಎಳೆದೆ. ಬಹಳ ಬಿಗಿಯಾಗಿ ಹಿಡಿದಿದ್ದೆ ಅನ್ನಿಸುತ್ತದೆ.

"ಅಜ್ಜಿ! ಏನಾಗೈತೆ ನಿಂಗಿವತ್ತು? ಅಲ್ಲಿ ಗಂಜಿ ಮುಟ್ಬೇಡ, ಇಲ್ಲಿ ಮರದ ಕೆಳಗೆ ನಿಲ್ಬೇಡ, ಮನೆಗೆ ಬರ್ಬೇಡ. ಏನು ಅಂತ ಹೇಳ್ಬಿಡು ಒಂದ್ಸಲ."

"ನೋಡ್ಲಿ ಬುಡು, ಹಕ್ಕಿ ಏನ್ ತಿಂತವಾ ಹುಡುಗೀನ?" ಎಂದರು ಅತ್ತಿಗೆ.

ನಾನು ಹೇಳಿದೆ. ಮರದ ಬುಡದಿಂದ ನಾಲ್ಕು ಮಾರು ದೂರದಲ್ಲಿ, ನಿಂತುಕೊಂಡೇ, ಇಲ್ಲಿ ಬರೆದಷ್ಟು ಚೆನ್ನಾಗಿ ಅಲ್ಲ, ತಡವರಿಸಿಕೊಂಡು, ಹಿಂದುಮುಂದಾಗಿ ಹೇಳಿದೆ. ದೋಟಿ, ಮೂರು ಮರಿ, ತಿಪ್ಪೆ, ಗಂಜಿ, ಕೂಸು. ಭಾವ ಕ್ಯಾಮರಾ ಕೆಳಗಿಳಿಸಿದ್ದ. ಕೊನೆಗೆ, "ನನ್ ಕೈಯಾಗೆ ಆಗಿರೋದು ಇದು. ನನ್ ಮನೆಗೆ ಇವ್ಳು ಹೆರಿಗೆಗೆ ಬಂದ್ರೆ ಅದು ಇವ್ಳ ಕೂಸಿಗೂ ಬರ್ತದೆ" ಎಂದೆ.

ಅತ್ತಿಗೆ ಜಗಲಿಯಿಂದ ಇಳಿದು ಬಂದು, ಅಂಗಳದ ಮೂಲೆಯಲ್ಲಿ ಕವುಚಿದ್ದ ಒಂದು ಬುಟ್ಟಿಯನ್ನು ಕೋಲಿನಿಂದ ಎತ್ತಿ ತೋರಿಸಿದರು. ಒಳಗೆ ಒಂದು ಕೊಕ್ಕರೆ ಮರಿ, ಪಕ್ಕದಲ್ಲಿ ಎರಡು ಚಿಕ್ಕ ಮೀನು.

"ಇದು ಮೊನ್ನೆ ಗಾಳಿಗೆ ಬಿತ್ತು. ಇದರ ಜೊತೇಲಿ ಬಿದ್ದವು ಸತ್ವು. ದಿನಾ ಬೀಳ್ತವೆ ಕಣಮ್ಮ. ಒಂದನ್ನೊಂದು ತಳ್ಳಿ ಬೀಳಿಸ್ತವೆ. ನಾಯಿ ತಿಂತವೆ, ಹದ್ದು ಹೊತ್ಕಂಡು ಹೋಗ್ತವೆ. ನಾನು ಉಳಿಸಿದ್ದೂ ಉಂಟು, ಸಾಯ್ಸಿದ್ದೂ ಉಂಟು. ನೀನು ದೋಟಿ ಎತ್ತಿದ್ದು ತಪ್ಪು. ಸರಿ, ಬೈತೀನಿ ಬಾ, ಬೈಸ್ಕೊಂಡು ಹೋಗು."

ಇಷ್ಟಕ್ಕೇ ಮುಗಿಯಿತು ಅಂದುಕೊಂಡೆ. ಆದರೆ ಅವರ ಮುಖ ನಿಧಾನವಾಗಿ ಬಿಗಿಯಿತು.

"ಅಲ್ಲ ಕಣೇ, ಇದಕ್ಕಾ ನೀನು ಬರದೇ ಇದ್ದದ್ದು? ಮೂರು ಮರೀಗೆ ನಮ್ಮತ್ತೇನ ಅಂಗೆ ಮಾಡ್ಬುಟ್ಯಾ? ಪ್ರತಿ ವರ್ಷ ಇವು ಬಂದಾಗ, 'ಇವೆಲ್ಲಾ ಬಂದ್ವು, ನನ್ ಮಗಳು ಬರ್ಲಿಲ್ಲ' ಅಂತ ಈ ಕಂಬ ಹಿಡ್ಕಂಡು ನಿಂತಿರೋಳು. ಕೂಸು ಹೋಗಿದ್ದು ತನ್ ಕೈತಪ್ಪು, ಅದ್ಕೇ ಮಗಳಿಗೆ ಸಿಟ್ಟು ಅಂತ್ಲೇ ತಿಳ್ಕಂಡು ಸತ್ಲು ಮುದುಕಿ. ಒಂದು ಮಾತು ಹೇಳಿದ್ರೆ ನಿನ್ ಗಂಟ್ಲು ಸೀದು ಹೋಗ್ತಿತ್ತಾ?"

ಅವ್ವ ಹಾಗೆ ತಿಳಿದಿದ್ದಾಳೆ ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಮರದ ಮೇಲಿನದನ್ನು ನೋಡದೆ ಇರಲು ಅಷ್ಟು ವರ್ಷ ತಲೆ ತಗ್ಗಿಸಿ ನಡೆದವಳು, ಕಂಬದ ಹತ್ತಿರ ನಿಂತವಳನ್ನೂ ನೋಡಲಿಲ್ಲ.

"ಏಂ ಕಾದು ಅವ್ವಾ, ಏಂ ಕಾದು" ಎಂದು ಭಾವ ನನ್ನ ಬೆನ್ನು ಸವರಿದ.

"ಏನಂತಾನೆ ಈ ಹುಡುಗ?" ಎಂದರು ಅತ್ತಿಗೆ.

"ಏನೂ ಆಗಲ್ಲ ಅಂತಾನೆ" ಎಂದಳು ನಿಮ್ಮಕ್ಕ.

"ಅವನಿಗೇನ್ ಗೊತ್ತು" ಎಂದು ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡರು.

ನಿಮ್ಮಕ್ಕ ನನ್ನ ಎದುರಿಗೆ ಬಂದು ನಿಂತಳು. ಸಮಾಧಾನ ಹೇಳುತ್ತಾಳೆ ಅಂದುಕೊಂಡೆ. ಅವಳಿಗೆ ಸಿಟ್ಟು ಬಂದಿತ್ತು. "ಅಜ್ಜಿ, ಏನಾದ್ರೂ ಆಗೋದಿದ್ರೆ ಪಾವಗಡದಲ್ಲೂ ಆಗುತ್ತೆ. ಆಗ ನೀನು ಮಧುಗಿರೀಲಿ ಇರ್ತೀಯಾ, ನಾನು ಅಲ್ಲಿ ಒಬ್ಳೇ ಇರ್ಲಾ?"

ಅಲ್ಲಿ ನಾನು ಬಾ ಎಂದು ಅನ್ನಲಿಲ್ಲ, ಅನ್ನಬೇಕಿತ್ತು. ಅತ್ತಿಗೆ ಕೊಟ್ಟ ಕಾಫಿ ಕುಡಿದು, ಕತ್ತಲಾಗುವ ಮುಂಚೆ ಹೊರಟೆವು. ಕಾರಿನಲ್ಲಿ ನಾನು ಅತ್ತದ್ದು ನಿಜ. ಅದು ಅವ್ವನಿಗಾಗಿ.

ಮಾರನೆಯ ದಿನ ಕೊರಟಗೆರೆಯ ಬೆಟ್ಟಕ್ಕೆ ಹೋಗಲಿಲ್ಲ. ನಿಮ್ಮಕ್ಕ ಸುಸ್ತು ಎಂದಳು, ಬೆಳಿಗ್ಗೆ ಇಡ್ಲಿ ತಿಂದು ಇಬ್ಬರೂ ಪಾವಗಡಕ್ಕೆ ಹೊರಟರು. ಕಾರು ಹೊರಳುವಾಗ ನಾನು ಕಿಟಕಿಯ ಗಾಜು ತಟ್ಟಿದೆ. ಅವಳು ಇಳಿಸಿದಳು.

"ಏಳು ತುಂಬ್ತಿದ್ದಂಗೇ ಬಂದ್ಬುಡು" ಎಂದೆ.

"ಯಾಕೆ, ಪಾವಗಡದಲ್ಲೇ ಆಸ್ಪತ್ರೆ ಐತಲ್ಲ?"

"ಇರ್ಲಿ. ನೀನು ಬಾ."

"ನೋಡಾಣ" ಎಂದು ಗಾಜು ಏರಿಸಿದಳು. ನನಗೆ ಸಲ್ಲಬೇಕಾದ್ದೇ ಅದು.

ಏಳು ತುಂಬಿತು, ಅವಳು ಬರಲಿಲ್ಲ. ಶಾಲೆ ಶುರುವಾಗಿದೆ, ರಜೆ ಹಾಕಲಾಗುವುದಿಲ್ಲ ಎಂದು ಸೊಸೆಗೆ ಫೋನು ಮಾಡಿದ್ದಳು. ನಾನೇ ಬಸ್ಸು ಹತ್ತಿ ಪಾವಗಡಕ್ಕೆ ಹೋದೆ. ಒಬ್ಬಳೇ ಬಸ್ಸಿನಲ್ಲಿ ಅಷ್ಟು ದೂರ ಹೋದದ್ದು ಅದೇ ಮೊದಲು, ಕಂಡಕ್ಟರಿಗೆ ಊರ ಹೆಸರು ಎರಡು ಸಲ ಹೇಳಬೇಕಾಯಿತು. ಹೋಗಿ ಅವಳ ಮನೆಯ ನಡುಮನೆಯಲ್ಲಿ ಮಡಿಲಕ್ಕಿಯ ಗಂಟು ಇಟ್ಟು ಕೂತೆ. ಒಲ್ಲೆ ಅಂದುಬಿಟ್ಟರೆ ಗಂಟು ಎತ್ತಿಕೊಂಡು ಹೇಗೆ ಬಾಗಿಲು ದಾಟುವುದು ಎಂದು ಯೋಚಿಸುತ್ತಿದ್ದೆ. ಅವಳು ಗಂಟಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು, "ಊಟ ಮಾಡಿದ್ಯಾ?" ಎಂದು ಕೇಳಿದಳು. ಹೊರಡುವಾಗ, "ಸೋಮವಾರ ಇವ್ರಿಗೆ ರಜ. ಬರ್ತೀವಿ" ಎಂದಳು.

ಇವತ್ತು ಶನಿವಾರ. ನಿಮ್ಮ ದೊಡ್ಡಮ್ಮ ಒಳಕೋಣೆಗೆ ಸುಣ್ಣ ಹೊಡೆಸಿದ್ದಾಳೆ. ಡಾಕ್ಟರು ಎಲ್ಲ ಸರಿ ಇದೆ ಅಂದಿದ್ದಾರೆ. ಹೆದರಿಕೆ ಹೋಯಿತೇ ಎಂದು ನೀವು ಕೇಳಿದರೆ, ಇಲ್ಲ. ಮೊದಲು ರೆಕ್ಕೆ ಹರಡಿದ ಆ ಕೊಕ್ಕರೆಯೊಂದೇ ಇತ್ತು, ಈಗ ಅದರ ಪಕ್ಕ ಅವ್ವನೂ ಬಂದು ನಿಂತಿದ್ದಾಳೆ. ಅವಳು ಏನೂ ಕೇಳುವುದಿಲ್ಲ. ನಾನು ಹೇಳಬೇಕಾದ್ದನ್ನು ಕೇಳಿಸಿಕೊಳ್ಳುವವರು ಇನ್ನು ನೀವೇ.

ಕೂಸು ಹುಟ್ಟಿದ ಮೇಲೆ ನೀವೆಲ್ಲ ನೋಡಲು ಬರುತ್ತೀರಿ. ಅಜ್ಜಿ ಹತ್ತಿರ ಬಾರದೆ ಹೊಸಿಲ ಆಚೆ ನಿಂತಿದ್ದರೆ, ವಯಸ್ಸಾಗಿದೆ ಎಂದು ಸುಮ್ಮನಾಗಬೇಡಿ. ಒಳಗೆ ಕರೆಯಿರಿ. ಒಲ್ಲೆ ಎನ್ನುತ್ತೇನೆ, ಮಂಡಿನೋವು ಎನ್ನುತ್ತೇನೆ, ಕೈ ಒದ್ದೆಯಾಗಿದೆ ಎನ್ನುತ್ತೇನೆ. ಯಾವುದನ್ನೂ ನಂಬದೆ ಕೂಸನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿ, ಸ್ವಲ್ಪ ಹೊತ್ತು ಅಲ್ಲೇ ಕೂತಿರಿ.